ದಫ್ತರಿಗೆ ಏರಿದ ಮುಳ್ಳುಸೌತೆ

ಬೀಜಕ್ಕೆ ಹುಳ ಹತ್ತಿರಬಹುದಿತ್ತು. ಪಂಚಾಯಿತಿಗೆ ಬೀಗ ಬಿದ್ದಿರಬಹುದಿತ್ತು. ದಾರಿಯಲ್ಲಿ ಮೇಕೆ ಚೀಲಕ್ಕೆ ಬಾಯಿ ಹಾಕಬಹುದಿತ್ತು. ಕಾಯ್ದೆ ಎಂದ ಮೇಲೆ, ಬೀಜ ಇಟ್ಟುಕೊಂಡದ್ದೇ ಅಪರಾಧವೆಂದು ಅಫಜಲಪುರದಿಂದ ಪೊಲೀಸರೂ ಬರಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ.

ಜೀವವೈವಿಧ್ಯ ಕಾಯ್ದೆಯಂತೆ ಊರಿನ ಹಳೆಯ ತಳಿಗಳನ್ನು ಪಂಚಾಯಿತಿ ದಫ್ತರಿನಲ್ಲಿ ಬರೆದಿಡುತ್ತಾರೆ. ನಾಳೆ ಯಾವುದೋ ಕಂಪನಿ ಆ ಬೀಜದಿಂದ ಲಾಭ ಮಾಡಿಕೊಂಡರೆ ಊರಿಗೂ ಪಾಲು ಬರಬೇಕೆಂಬ ನ್ಯಾಯ. ಆ ದಫ್ತರಿನಲ್ಲಿ ಪಕ್ಕದ ಮನೆ ಸಿದ್ದಣ್ಣನ, ಹಸಿ ತೆನೆ ಸುಟ್ಟು ತಿನ್ನುವ ಸೀತನಿ ಜೋಳ, ಅವನ ಹೆಸರಿನ ಸಮೇತ ಸೇರಿತ್ತು! ಅಂದಿನಿಂದ ಅವನು ಕೆಮ್ಮಿದರೂ ನನಗೆ ಅದು ಸರಕಾರಿ ಕೆಮ್ಮಿನಂತೆ ಕೇಳುತ್ತಿತ್ತು.

ನಮ್ಮ ಅಡುಗೆಮನೆ ಗೋಡೆಗೆ ಹೆಂಡತಿ ಮಹಾದೇವಿ ಸಗಣಿ, ಬೂದಿಯಲ್ಲಿ ಕಲಸಿ ಮೆತ್ತಿದ್ದ ಮುಳ್ಳುಸೌತೆ ಬೀಜವಿತ್ತು. ಅವಳು ಬಾವಿಗೆ ಹೋದಾಗ ಆ ಸಗಣಿ ಬಿಲ್ಲೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟೆ. ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಸಿದ್ದಣ್ಣನನ್ನೂ ಜೊತೆಗೆ ಕರೆದೆ. ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು.

ಪಂಚಾಯಿತಿಯಲ್ಲಿ ದಫ್ತರು ಬರೆಯುವ ಅಕ್ಕ ಯಾವ ನಕ್ಷತ್ರದ ಮಳೆಗೆ ಊರುತ್ತೀರಿ ಎಂದರು.

"ದೊಡ್ಡ ಮಳಿಗ್ರಿ," ಎಂದೆ.

ಹಣ್ಣಾದರೆ ಕಹಿಯಾಗುತ್ತದೆಯೇ? ಬಳ್ಳಿಗೆ ರೋಗ ಬಂದರೆ ಏನು ಮಾಡುತ್ತೀರಿ? ಕೊನೆಗೆ ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

"ಮಿರಗದ ಮಳಿಗೆ ಊರತೀವ್ರಿ ಅಕ್ಕಾರ. ಹಣ್ಣಾದ್ರೂ ಕಹಿ ಆಗಂಗಿಲ್ಲ. ರೋಗಕ್ಕ ಒಲಿ ಬೂದಿ ಹೊಡಿತೀನಿ," ಎಂದಳು ಮಹಾದೇವಿ. "ಜೇವರ್ಗಿ ತವರಮನಿಂದ ನಾ ಉಡಿಯಾಗ ಕಟ್ಕೊಂಡು ಬಂದ ಬೀಜ ಅದು. ನಮ್ಮ ಮನಿಯವರಿಗೆ ಕೋಸಂಬರಿ ತಿನ್ನೋದೊಂದು ಗೊತ್ತದ."

ಅಕ್ಕ ದಫ್ತರಿನಲ್ಲಿ ಬರೆದರು, ಮಾಹಿತಿ ಕೊಟ್ಟವರು: ಮಹಾದೇವಿ. ಬೆಳೆ ಕಣ್ಣಾರೆ ಕಂಡ, ಮನೆಯವರಲ್ಲದ ಸಾಕ್ಷಿ ಬೇಕೆಂದರು.

"ನಾ ಅದೀನಲ್ರಿ," ಎಂದ ಸಿದ್ದಣ್ಣ. "ಮಹಾದೇವಿ ವೈನಿ ಕೊಟ್ಟ ಸೌತಿಕಾಯಿ ವರ್ಷಾ ತಿಂತೀನಿ." ತಿಂದದ್ದಕ್ಕೆ ಸಹಿಯನ್ನೂ ಉದ್ದಕ್ಕೆ ಎಳೆದ.

ನನಗೆ ಒಂದೇ ಆಸೆ ಉಳಿದಿತ್ತು. ನಮ್ಮ ಕಡೆ ಹೆಂಗಸಿನ ಹೆಸರಿನ ಜೊತೆ ಗಂಡನ ಹೆಸರನ್ನೂ ಬರೆಯುತ್ತಾರೆ. ಬಗ್ಗಿ ನೋಡಿದೆ. ಬೀಜ ಸರಿ, ಮಳೆ ಸರಿ, ಬೂದಿ ಸರಿ, ಸಿದ್ದಣ್ಣನ ಹೆಸರಂತೂ ಈಗ ಎರಡು ಪುಟಗಳಲ್ಲಿ. ಮಹಾದೇವಿಯ ಹೆಸರಿನ ಮುಂದೆ ಮಾತ್ರ ಏನೂ ಇಲ್ಲ.

"ಜಾಗಾ ಸಾಲಲಿಲ್ರಿ," ಎಂದರು ಅಕ್ಕ, ಪೆನ್ನು ಮುಚ್ಚುತ್ತ. "ನಿಮ್ಮ ಹೆಸರು ಇಲ್ಲದಿದ್ರೂ ನಡೀತದ."