ಅಧ್ಯಕ್ಷರು ಮಲಗಿದ ವಾರ

ಊರಿನ ಹಸುಗಳೆಲ್ಲ ತಮ್ಮನ್ನು ನಂಬಿಕೊಂಡೇ ಹಾಲು ಕೊಡುತ್ತಿವೆ ಎಂಬುದು ವೆಂಕಟರಾಮಪ್ಪನವರ ದೃಢವಾದ ಅಭಿಪ್ರಾಯ. ಕೆಂಚಾರ್ಲಹಳ್ಳಿಗೆ ಎರಡು ಮೈಲಿ ಆಚೆಗಿರುವ ಆ ಊರಿನ ಹಾಲಿನ ಸಂಘಕ್ಕೆ ಅವರು ಅಧ್ಯಕ್ಷರಾಗಿ ಮೂರು ವರ್ಷವಾಗಿತ್ತು. ಅಂದಿನಿಂದ ಡೇರಿಯ ಬೀಗ ತೆಗೆಯುವವರು ಅವರೇ, ಹಾಲು ಅಳೆಯುವವರು ಅವರೇ, ಕ್ಯಾನು ಎತ್ತುವವರು ಅವರೇ, ಸಾಲಿನಲ್ಲಿ ಜಗಳ ಹಚ್ಚುವವರು ಮತ್ತು ಬಿಡಿಸುವವರು ಕೂಡ ಅವರೇ. ಸಂಘಕ್ಕೆ ಗೌತಮಿ ಎಂಬ ಕಾರ್ಯದರ್ಶಿಯಿದ್ದಳು. ಡಿಗ್ರಿ ಮಾಡಿದ ಚುರುಕು ಹುಡುಗಿ. ಬಯ್ಯಪ್ಪ ಎಂಬ ಹಾಲು ಪರೀಕ್ಷಕನೂ ಇದ್ದ. ಇಬ್ಬರಿಗೂ ಅಧ್ಯಕ್ಷರು ಕೆಲಸ ಮಾಡುವುದನ್ನು ನೋಡುತ್ತಾ ನಿಲ್ಲುವುದೇ ಕೆಲಸ. (ಅದಕ್ಕೂ ಹೇಗೆ ನಿಲ್ಲಬೇಕು ಎಂದು ಅಧ್ಯಕ್ಷರು ಸಲಹೆ ಕೊಡುತ್ತಿದ್ದರು.)

ಇಷ್ಟೆಲ್ಲ ಒದ್ದಾಟ ಒಂದು ಶೀಲ್ಡಿಗಾಗಿ. ತಾಲ್ಲೂಕಿನ ಉತ್ತಮ ಸಂಘಕ್ಕೆ ಪ್ರತಿವರ್ಷ ಕೊಡುವ ಶೀಲ್ಡು ಎರಡು ಸಲ ಕೈಗೆ ಬಂದಂತಾಗಿ ಪಕ್ಕದೂರಿಗೆ ಹೋಗಿತ್ತು. ಈ ಸಲ ಬಿಡಬಾರದೆಂದು ವೆಂಕಟರಾಮಪ್ಪ ಹಟ ತೊಟ್ಟರು. ಗುರುವಾರ ತಪಾಸಣೆ ಎಂದು ಗೊತ್ತಾದ ಮೇಲಂತೂ ಊಟ ನಿದ್ದೆ ಎರಡನ್ನೂ ಅನಿರ್ದಿಷ್ಟಾವಧಿಗೆ ಮುಂದೂಡಿದರು.

ಸೋಮವಾರ ಬೆಳಿಗ್ಗೆ ದೇಹ ರಾಜೀನಾಮೆ ಕೊಟ್ಟಿತು. ನಿಂತಲ್ಲೇ ತೂಕಡಿಸುತ್ತಿದ್ದ ಅಧ್ಯಕ್ಷರು ಅಮ್ಮಾಜಮ್ಮನ ಹಾಲಿಗೆ ಬದಲು ತಮ್ಮದೇ ಟೀ ಲೋಟಕ್ಕೆ ಲ್ಯಾಕ್ಟೋಮೀಟರ್ ಅದ್ದಿ, "ಏನಮ್ಮಾ ಇದು, ಇಷ್ಟೊಂದು ನೀರು ಬೆರೆಸಿದ್ದೀಯ!" ಎಂದು ಗದರಿದರು.

"ಏಮಪ್ಪಾ, ಅದು ನಿನ್ನ ಹೆಂಡ್ತಿ ಕಳಿಸಿದ ಟೀ ಕಣಪ್ಪಾ. ನೀರು ಬೆರೆಸಿದ್ರೆ ಅವಳನ್ನ ಕೇಳು," ಎಂದಳು ಎಪ್ಪತ್ತು ದಾಟಿದ ಅಮ್ಮಾಜಮ್ಮ.

ಸಾಲೆಲ್ಲ ಗೊಳ್ಳೆಂದಿತು. ಅಧ್ಯಕ್ಷರು ಉತ್ತರಿಸಲೆಂದು ಬಾಯಿ ತೆರೆದವರು ಹಾಗೇ ಕ್ಯಾನಿನ ಮೇಲೆ ಕುಸಿದು ಕುಳಿತರು. ಚಿಂತಾಮಣಿಯ ಡಾಕ್ಟರು ಬಿಪಿ ನೋಡಿ, ಹುಬ್ಬೇರಿಸಿ, ಒಂದು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದು ಬರೆದುಕೊಟ್ಟರು.

"ಗುರುವಾರ ಒಂದಿನ ವಿನಾಯಿತಿ ಕೊಡಿ ಸಾರ್," ಎಂದು ಅಂಗಲಾಚಿದರು ವೆಂಕಟರಾಮಪ್ಪ.

"ಕೊಡ್ತೀನಿ. ಆಮೇಲೆ ಪರ್ಮನೆಂಟಾಗಿ ಮಲಗ್ತೀರ," ಎಂದರು ಡಾಕ್ಟರು.

ಮನೆಗೆ ಬಂದರೂ ಕೈ ಸುಮ್ಮನಿರಬೇಕಲ್ಲ! ಮದುವೆಯಾದಾಗಿನಿಂದ ಹಿತ್ತಲಿನ ರೇಷ್ಮೆ ಹುಳದ ಮನೆ ಹೆಂಡತಿ ವರಲಕ್ಷ್ಮಮ್ಮನ ಸಂಸ್ಥಾನ. ವೆಂಕಟರಾಮಪ್ಪ ಮೆಲ್ಲಗೆ ಅಲ್ಲಿಗೆ ನುಗ್ಗಿ ನೋಡಿದರು. ತಟ್ಟೆಗಳಲ್ಲಿ ಹುಳಗಳು ಒಂದೂ ಮೇಯುತ್ತಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿವೆ. ಎಂಥ ಬೇಜವಾಬ್ದಾರಿ ಆಡಳಿತ! ಕೂಡಲೇ ಒಂದು ತಬ್ಬು ಹಿಪ್ಪುನೇರಳೆ ಸೊಪ್ಪು ಎತ್ತಿಕೊಂಡರು. (ಹುಟ್ಟಿದ್ದು ರೇಷ್ಮೆ ಸಾಕುವ ಮನೆಯಲ್ಲೇ. ಆದರೆ ಅಧ್ಯಕ್ಷರಾದ ಮೇಲೆ ಕೆಲವು ವಿಷಯ ಮರೆತುಹೋಗುತ್ತವೆ.)

"ರೀ! ಇಳಿಸ್ರೀ ಕೆಳಗೆ! ಸೊಪ್ಪು ಹಾಕಿದ್ರೆ ನೋಡಿ!" ಬಾಗಿಲಿನಿಂದಲೇ ವರಲಕ್ಷ್ಮಮ್ಮನ ಕೂಗು ಬಂತು. "ನಾಲ್ಕನೇ ಜ್ವರಕ್ಕೆ ಕೂತವೆ. ಅಷ್ಟೂ ಗೊತ್ತಾಗಲ್ವಾ?"

ಹುಳ ಪೊರೆ ಬಿಡುವುದಕ್ಕೆ ಮೇವು ನಿಲ್ಲಿಸಿ ಕೂರುವುದನ್ನು ಆ ಸೀಮೆಯವರು ಜ್ವರ ಎನ್ನುತ್ತಾರೆ. ಆಗ ಅವನ್ನು ಕದಲಿಸಬಾರದು, ಸೊಪ್ಪು ಹಾಕಬಾರದು. ಹಾಕಿದರೆ ಇಡೀ ಬೆಳೆ ಏರುಪೇರಾಗುತ್ತದೆ.

"ಹಸ್ಕೊಂಡಿರ್ತವೆ ಅಂತ..." ವೆಂಕಟರಾಮಪ್ಪ ಸೊಪ್ಪು ಇಳಿಸಿದರು.

"ಇಷ್ಟುದ್ದ ಇರೋ ಹುಳಕ್ಕೂ ಗೊತ್ತೈತೆ, ಗೂಡು ಕಟ್ಟಬೇಕಾದ್ರೆ ನಡುನಡುವೆ ಸುಮ್ನೆ ಕೂರಬೇಕು ಅಂತ. ನಾಲ್ಕು ಸಲ ಕೂತೇ ಅವು ಇಷ್ಟು ದೊಡ್ಡವಾಗಿರೋದು. ನೀವು ಮೂರು ವರ್ಷದಿಂದ ಒಂದೇ ಸಮ ಮೇಯ್ತಾ ಇದೀರ. ಬನ್ನಿ ಈಚೆಗೆ!"

ಅವರ ಕೈಯಿಂದ ಡೇರಿಯ ಬೀಗದ ಕೈ ಗೌತಮಿಗೆ ಹೋಯಿತು. ಫೋನು ರಾಗಿ ಡಬ್ಬದೊಳಕ್ಕೆ ಹೋಯಿತು. ಅಧ್ಯಕ್ಷರು ಜಗುಲಿಯ ಮಂಚಕ್ಕೆ ಹೋದರು. ಬೀಗದ ಕೈ ತೆಗೆದುಕೊಳ್ಳಲು ಬಂದ ಗೌತಮಿಗೆ ಅವರು ಇಪ್ಪತ್ತಾರು ಸೂಚನೆ ಕೊಟ್ಟರು. ಅವಳು "ಆಯ್ತು ಸಾರ್, ಮಲಗಿ ಸಾರ್" ಎಂದು ಒಂದನ್ನೂ ಬರೆದುಕೊಳ್ಳದೆ ಹೋದಳು. ಆ ನೋವು ಅವರಿಗೆ ಬಿಪಿಗಿಂತ ಹೆಚ್ಚಾಯಿತು.

ಮಂಗಳವಾರ ಸಂಜೆ ಹುಳಗಳು ಎದ್ದು ಸೊಪ್ಪು ಮೇಯತೊಡಗಿದವು. ಸದ್ದು ಕೇಳಿ ವೆಂಕಟರಾಮಪ್ಪನೂ ಎದ್ದು ಕೂತರು. "ಅವು ಎದ್ದವಲ್ಲ ಕಣೇ, ನಾನೂ ಏಳ್ತೀನಿ."

"ಅವುಕ್ಕೆ ತೆಳು ಚರ್ಮ. ನಿಮ್ಮದು ಬಿಡೋಕೆ ಇನ್ನೂ ಐದು ದಿನ ಬೇಕು. ಮಲಗಿ."

ಗುರುವಾರ ಏನಾದರೂ ಆಗಲಿ, ಐದಕ್ಕೇ ಎದ್ದು ಹಿತ್ತಲ ಬಾಗಿಲಿಂದ ಪರಾರಿಯಾಗುವುದೆಂದು ಅವರು ರಹಸ್ಯ ನಿರ್ಣಯ ಕೈಗೊಂಡರು. ಬುಧವಾರ ರಾತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಮಲಗಿದರು. ಆದರೆ ಮೂರು ವರ್ಷದ ಬಾಕಿ ನಿದ್ದೆ ಅಂದರೆ ಹುಡುಗಾಟವೇ? ಕಣ್ಣು ಬಿಟ್ಟಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

"ಕೆಟ್ಟೆನಲ್ಲೋ ದೇವರೇ!" ಎಂದು ಚೀರಿ, ಮುದ್ದೆಯಾದ ಅಂಗಿ ಸಿಕ್ಕಿಸಿಕೊಂಡು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿ ಓಡಿದರು. ಡೇರಿಗೆ ಬೆಂಕಿ ಬಿದ್ದಿರುತ್ತದೆ, ಹಾಲು ಒಡೆದಿರುತ್ತದೆ, ಜನ ಹೊಡೆದಾಡಿರುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಕಲ್ಪಿಸಿಕೊಂಡರು. ನಿಜ ಹೇಳಬೇಕೆಂದರೆ, ಒಂದು ಸಣ್ಣ ಜಗಳವಾದರೂ ಆಗಿರಲಿ ಎಂದು ಒಳಗೊಳಗೇ ಆಸೆಪಟ್ಟರು.

ಎಂಥದೂ ಆಗಿರಲಿಲ್ಲ. ನೆಲ ತೊಳೆದು ಫಳಫಳ ಹೊಳೆಯುತ್ತಿತ್ತು. ಕ್ಯಾನುಗಳು ಸಾಲಾಗಿ ಬೋರಲು ಬಿದ್ದಿದ್ದವು. ಬಯ್ಯಪ್ಪ ಶಿಳ್ಳೆ ಹಾಕುತ್ತಾ ಗಾಜಿನ ಕೊಳವೆ ಒರೆಸುತ್ತಿದ್ದ.

"ತಪಾಸಣೆಯವರು ಎಲ್ಲಮ್ಮಾ?" ಏದುಸಿರಿನಲ್ಲೇ ಕೇಳಿದರು.

"ಒಂಬತ್ತಕ್ಕೇ ಬಂದು ಹೋದ್ರು ಸಾರ್," ಎಂದಳು ಗೌತಮಿ. "ಟೀ ಕುಡೀತೀರಾ?"

ಮುಂದಿನ ತಿಂಗಳು ಚಿಂತಾಮಣಿಯ ಸಭೆಯಲ್ಲಿ ಶೀಲ್ಡು ಬಂದೇ ಬಂತು! ಇಡೀ ಊರೇ ಎರಡು ಟೆಂಪೋದಲ್ಲಿ ಬಂದು ಕೂತಿತ್ತು. ಅಧ್ಯಕ್ಷರ ಎದೆ ಅಂಗಿಯ ಗುಂಡಿ ಮೀರಿ ಉಬ್ಬಿತು, ಕಣ್ಣಲ್ಲಿ ನೀರೇ ಬಂತು. ತಪಾಸಣೆಗೆ ಬಂದಿದ್ದ ಅಧಿಕಾರಿ ಸುನೀಲ್‌ಕುಮಾರ್ ಮೈಕು ಹಿಡಿದರು.

"ನಾನು ಹೋದ ಕಡೆಯೆಲ್ಲ ಸಿಬ್ಬಂದೀನ ಪ್ರಶ್ನೆ ಕೇಳಿದ್ರೆ ಅಧ್ಯಕ್ಷರು ಉತ್ತರ ಕೊಡ್ತಾರೆ. ಈ ಊರಲ್ಲಿ ಮಾತ್ರ ಕೆಲಸ ಮಾಡೋರೇ ಉತ್ತರ ಕೊಟ್ರು. ಅಧ್ಯಕ್ಷರು ರಜದಲ್ಲಿದ್ರೂ ಸಂಘ ರಜದಲ್ಲಿರಲಿಲ್ಲ. ನಾಯಕತ್ವ ಅಂದ್ರೆ ಇದು! ವೆಂಕಟರಾಮಪ್ಪನವರು ಇದರ ಗುಟ್ಟು ಹೇಳಬೇಕು."

ಅವಕಾಶ ಸಿಕ್ಕರೆ ಬಿಡುವ ಆಸಾಮಿಯೇ? ವೆಂಕಟರಾಮಪ್ಪ ಗಂಟಲು ಸರಿಮಾಡಿಕೊಂಡರು. "ಬಹಳ ದೂರಾಲೋಚನೆ ಮಾಡಿ, ಇವರನ್ನೆಲ್ಲ ಮೊದಲಿಂದ ತಯಾರು ಮಾಡಿ, ತಪಾಸಣೆ ದಿವಸ ನಾನು ಬೇಕೂ ಅಂತಲೇ ಮಲಗಿದೆ," ಎಂದರು. ಹೆಂಗಸರ ಸಾಲಿನಲ್ಲಿ ವರಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. "ಇಷ್ಟಕ್ಕೇ ನಿಲ್ಲಲ್ಲ! ಮುಂದಿನ ವರ್ಷ ಜಿಲ್ಲಾ ಶೀಲ್ಡು ತರಬೇಕು. ಅದಕ್ಕೆ ನಾನು ಹಗಲೂ ರಾತ್ರಿ..."

"ಬೇಡಪ್ಪಾ ಬೇಡ!" ಹಿಂದಿನ ಸಾಲಿನಿಂದ ಅಮ್ಮಾಜಮ್ಮ ಎದ್ದು ನಿಂತಳು. "ನೀನು ಒಂದು ವಾರ ಮಲಗಿದ್ದಕ್ಕೆ ತಾಲ್ಲೂಕಿಂದು ಬಂತು. ಒಂದು ತಿಂಗಳು ಮಲಗಿಬಿಡು, ಜಿಲ್ಲೇದೂ ಬರ್ತದೆ!"

ಮೂರು ವರ್ಷದ ಭಾಷಣಗಳಿಗೆಲ್ಲ ಸೇರಿ ಬೀಳದಿದ್ದ ಚಪ್ಪಾಳೆ ಆ ಒಂದು ಮಾತಿಗೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ವರಲಕ್ಷ್ಮಮ್ಮ.