ಲಗ್ನದ ಕೋಟು ಕೊಟ್ಟು ತಂದ ಹಡಗು

ನಮ್ಮ ಮನೆಯವರು ಸಮುದ್ರ ಕಂಡವರಲ್ಲ. ನದಿಯೆಂದರೆ ಭೀಮಾ ನದಿ. ಅದನ್ನೂ ಒಮ್ಮೆ ರೈಲಿನ ಕಿಟಕಿಯಿಂದ ನೋಡಿದ್ದರು, ಅಷ್ಟೇ. ಈಜು ಬರುತ್ತಿರಲಿಲ್ಲ. ಮೊಳಕಾಲು ನೀರಿಗೆ ಇಳಿದರೆ ಶಿವ ಶಿವ ಅನ್ನುವ ಮನುಷ್ಯ. ಆದರೂ ಕಲಬುರಗಿಯಲ್ಲಿ ಆವಿಯ ಹಡಗು ನಡೆಸಿದ ಮೊದಲ ಗಂಡಸು ಅವರೇ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಎರಡನೆಯವನು ಇನ್ನೂ ಹುಟ್ಟಿಲ್ಲ!

ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. “ಸತ್ತ ಮ್ಯಾಲೂ ಹೇಳಬಾರದೇನಬೇ?” ಎಂದು ಮೊಮ್ಮಗಳು ಕೇಳುತ್ತಾಳೆ. ಬದುಕಿದ್ದಾಗ ಹತ್ತು ಸಲ ಕೂಗಿದರೂ ತಿರುಗಿ ನೋಡದ ಮನುಷ್ಯ, ಈಗ ಹೆಸರು ಹಿಡಿದು ಕರೆದರೆ ಎದ್ದು ಬರುತ್ತಾರೆಯೇ? ಗಿರಣಿಯ ಬಾಯ್ಲರಿನ ಮುಂದೆ ನಿಂತು ನಿಂತು ಅವರ ಕಿವಿ ಒಂದು ನಮೂನೆ ಆಗಿತ್ತು. ಹೆಂಡತಿ ಕರೆದರೆ ಕೇಳಿಸದು. ಹತ್ತು ಮಾರು ದೂರದಲ್ಲಿ ಸೂಜಿಮೊನೆಯಷ್ಟು ಆವಿ ಸೋರಿದರೆ ಕೇಳಿಸುತ್ತಿತ್ತು!

ಅರಳೆ ಗಿರಣಿಯಲ್ಲಿ ಬಾಯ್ಲರಿಗೆ ಕಟ್ಟಿಗೆ ಹಾಕುವ ಕೆಲಸ ಅವರದು. ಬಾಯ್ಲರನ್ನು ತಾವೇ ನಡೆಸಬೇಕೆಂದರೆ ಸರಕಾರದ ಸನದು ಬೇಕು. ಸನದು ಬೇಕೆಂದರೆ ಪರೀಕ್ಷೆ. ಆಗ ಹೈದರಾಬಾದ್ ಸರಕಾರ, ಪರೀಕ್ಷೆ ಉರ್ದುವಿನಲ್ಲಿ. ನಮ್ಮ ಮನೆಯವರಿಗೆ ಉರ್ದು ಮಾತಾಡಲು ನೀರು ಕುಡಿದಷ್ಟು ಸಲೀಸು, ಬರೆಯಲು ಒಂದಕ್ಷರ ಬಾರದು. ಮೊದಲ ಸಲ ಉತ್ತರ ಬರೆಯುವ ಬದಲು ಬಾಯ್ಲರಿನ ಚಿತ್ರ ತೆಗೆದಿಟ್ಟು ಬಂದರು. ಫೇಲಾದರು. ಎರಡನೆಯ ಸಲ ಬುದ್ಧಿ ಬಂತು ಅಂದುಕೊಂಡಿರಾ? ಚಿತ್ರವನ್ನು ಇನ್ನೂ ದೊಡ್ಡದಾಗಿ ತೆಗೆದರು!

ಅವರ ಅಣ್ಣ ಕಮಲಾಪುರದಲ್ಲಿ ಕೆಂಪು ಬಾಳೆ ತೋಟ ಮಾಡಿಕೊಂಡಿದ್ದರು. ಎರಡನೆಯ ಸಲ ಫೇಲಾದ ಸುದ್ದಿ ಕೇಳಿ ನಮ್ಮ ಬಾಡಿಗೆ ಕೋಣೆಗೆ ಬಂದು ಹೊಸ್ತಿಲ ಮೇಲೆಯೇ ನಿಂತು ಹೇಳಿದರು: “ತಮ್ಮಾ, ಇನ್ನೊಂದು ಸಲ ನೋಡ್ತೀನಿ. ಸನದು ಸಿಗಲಿಲ್ಲಂದ್ರ ಗಂಟು ಕಟ್ಕೊಂಡು ತ್ವಾಟಕ್ಕ ಬರಬೇಕು. ಬಾಳಿಗಿಡಕ್ಕ ಯಾವ ಪರೀಕ್ಷಾನೂ ಇಲ್ಲ.”

ಮನೆಯವರು ತಲೆ ಆಡಿಸಿದರು. ತೋಟವೇನೋ ಬಂಗಾರದಂಥದ್ದು. ಆದರೆ ಆ ಮನೆಯಲ್ಲಿ ಭಾವನ ಹೆಂಡತಿ, ನನ್ನ ನೆಗೆಣ್ಣಿ ಇದ್ದಳು. ಹಬ್ಬಕ್ಕೆಂದು ಹೋದರೆ ಸಾಕು, ಎರಡು ಹೊತ್ತು ಇಡೀ ಮನೆಯ ರೊಟ್ಟಿ ನನ್ನ ತಲೆಗೆ. ನಾನು ಬಡಿದದ್ದನ್ನು ಎತ್ತಿ ಬೆಳಕಿಗೆ ಹಿಡಿದು, “ಇಲ್ಲಿ ದಪ್ಪ ಆಗ್ಯಾದ ನೋಡು” ಅನ್ನುವುದು ಅವಳ ಕೆಲಸ. ಹಬ್ಬದ ಎಂಟು ದಿನ ಹೇಗೋ ಹಲ್ಲು ಕಚ್ಚಬಹುದು. ಜನ್ಮವಿಡೀ ಅಂದರೆ? ಹಾಗಾಗಿ ಸನದು ಅವರಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಇಂಥ ಹೊತ್ತಿನಲ್ಲಿ ಗಂಡಸು ಏನು ಮಾಡಬೇಕು? ಪಾಟಿ ಹಿಡಿದು ಅಲಿಫ್ ಬೇ ತಿದ್ದಬೇಕು. ಇವರು ಸ್ಟೇಶನ್ ಬಜಾರದ ಗುಜರಿ ಅಂಗಡಿಯಲ್ಲಿ ತಮ್ಮ ಲಗ್ನದ ಕೋಟು ಬಿಚ್ಚಿ ಕೊಟ್ಟು ಒಂದು ಮುರುಕು ಹಡಗು ತಂದರು!

ಒಂದೂವರೆ ಮೊಳದ ಹಡಗು. ಯಾರೋ ದೊರೆಯ ಮಗ ಆಡಿ ಬಿಸಾಕಿದ್ದಂತೆ. ತಗಡಿನ ಹೊಟ್ಟೆ, ಅದರೊಳಗೆ ಹಿತ್ತಾಳೆಯ ಪುಟ್ಟ ಬಾಯ್ಲರು. ಅದರ ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ನೀರು ಕುದಿದು, ಆವಿ ಎದ್ದು, ಪಿಸ್ಟನ್ ದೂಡಿ, ಹಿಂದಿನ ಪಂಖ ತಿರುಗಬೇಕು. ಬೇಕು ಅಷ್ಟೇ! ತಂದಾಗ ಹೊಟ್ಟೆ ತೂತಾಗಿತ್ತು, ಬಾಯ್ಲರು ಬಿರಿದಿತ್ತು, ಪಂಖಕ್ಕೆ ಒಂದೇ ರೆಕ್ಕೆ. ಗುಜರಿಯ ಚಾಚಾನೇ ಕನಿಕರಪಟ್ಟು, “ಭಾಯಿ, ಕೋಟು ವಾಪಸ್ ತಗೋ. ಮನ್ಯಾಗ ಬೀಬಿ ಹೊಡೀತಾಳ” ಅಂದಿದ್ದನಂತೆ. ಹೊಡೆಯಲಿಲ್ಲ. ಹೊಡೆಯಬೇಕಿತ್ತು.

“ಏನ್ರೀ ಇದು?” ಅಂದೆ.

“ಬಾಯ್ಲರ್.”

“ಗಿರಣ್ಯಾಗ ಒಂದು ಅದಲ್ರೀ?”

“ಅದು ಅವರದು. ಇದು ನಂದು.”

ಅಂದಿನಿಂದ ಮನೆಯ ಒಂದೊಂದೇ ಸಾಮಾನು ಹಡಗು ಹತ್ತತೊಡಗಿತು. ತೂತಿಗೆ ಎಣ್ಣೆಯ ಡಬ್ಬಿಯ ತಗಡು. ಬಿರಿದದ್ದನ್ನು ಕಿತ್ತು ಹೊಸ ಬಾಯ್ಲರ್ ಮಾಡಲು ನನ್ನ ತಾಮ್ರದ ತಂಬಿಗೆ. ದೀಪದ ಬತ್ತಿಗೆ ನನ್ನ ಇಳಕಲ್ ಸೀರೆಯ ಅಂಚು. ಕೀಲಿಗೆ ಹಚ್ಚಲು ಕುಸುಬೆ ಎಣ್ಣೆ. ಪಲ್ಯಕ್ಕೆ ಒಗ್ಗರಣೆ ಇಲ್ಲ, ಪಿಸ್ಟನ್ನಿಗೆ ಇದೆ! ಬಾಯ್ಲರ್ ಸೋರುತ್ತದೆಯೋ ಇಲ್ಲವೋ ನೋಡಲು ಅದನ್ನು ಕುಡಿಯುವ ನೀರಿನ ಕೊಡದಲ್ಲಿ ಮುಳುಗಿಸಿ ನಳಿಗೆಗೆ ಬಾಯಿಟ್ಟು ಊದುವರು. ಗುಳ್ಳೆ ಎದ್ದಲ್ಲಿ ಬೆಸುಗೆ. ಆ ನೀರು ನಾನು ಎರಡು ಓಣಿ ದಾಟಿ ಸೊಂಟದ ಮೇಲೆ ಹೊತ್ತು ತಂದದ್ದು. ಒಂದು ದಿನ ತಾಳಲಾರದೆ, “ಹಡಗು ನೀರಾಗ ಬಿಡೂದು ಖರೇರಿ, ಆದ್ರ ನನ್ನ ನೀರಾಗ ಯಾಕ?” ಎಂದು ಕೊಡ ಕಸಿದುಕೊಂಡೆ. ಅವರು ಏನಂದರು ಗೊತ್ತೇ? “ಸುಮ್ಮನಿರು, ಗುಳ್ಳಿ ಸಪ್ಪಳ ಕೇಳಾಕತ್ತೀನಿ.”

ಆರು ತಿಂಗಳಾದ ಮೇಲೆ ಅದು ನಡೆಯುವ ಲಕ್ಷಣ ತೋರಿಸಿತು. ನಡೆಸಲು ನೀರೆಲ್ಲಿ? ಬಂಡಿ ಕಟ್ಟಿಕೊಂಡು ಕಮಲಾಪುರಕ್ಕೆ ಹೋದೆವು. ಭಾವನ ತೋಟದ ಬಾವಿಯಲ್ಲಿ ಹಡಗು ಬಿಟ್ಟರು. ದೀಪ ಹಚ್ಚಿದರು. ಫಟ್ ಫಟ್ ಎಂದು ಹೊರಟಿತು! ಅರ್ಧ ಊರು ಬಾವಿಯ ದಂಡೆಯ ಮೇಲೆ. ಎರಡು ಸುತ್ತು ಹಾಕಿತು, ಮೂರನೆಯ ಸುತ್ತಿಗೆ ಗೋಡೆಗೆ ಹಣೆ ಬಡಿದು ಗುಳುಂ ಎಂದು ಮುಳುಗಿತು. ಮನೆಯವರು ಊಟ ಬಿಟ್ಟು ಕುಳಿತರು. ಮರುದಿನ ನೀರೆತ್ತಲು ಎತ್ತು ಹೂಡಿದಾಗ ತೊಗಲಿನ ಚೀಲದೊಳಗೆ ಹಡಗೇ ಬಂತು. ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ನೀರು ಬರಲಂತ ಬಾವಿ ತೋಡಿಸಿದ್ರ ಹಡಗು ಬರಾಕತ್ಯಾದಲ್ಲೋ ತಮ್ಮಾ!”

ತಿರುಗಿ ಬರುವಾಗ ಇನ್ನೊಂದು ಕತೆ. ಪೊಲೀಸ್ ಆಕ್ಷನ್ನಿಗೆ ಮುಂಚಿನ ಗದ್ದಲದ ದಿನಗಳು. ಬಾಳೆಗೊನೆಗಳ ಕೆಳಗೆ ಹಡಗು ಇಟ್ಟುಕೊಂಡು ಬರುತ್ತಿದ್ದೆವು. ದಾರಿಯಲ್ಲಿ ಬಂದೂಕು ಹಿಡಿದ ನಾಲ್ವರು ಬಂಡಿ ತಡೆದರು. ಗೊನೆ ಸರಿಸಿ ನೋಡಿದರೆ ಹಿತ್ತಾಳೆ, ತಾಮ್ರ, ನಳಿಗೆ! ಒಬ್ಬ ಎರಡು ಹೆಜ್ಜೆ ಹಿಂದಕ್ಕೆ ಜಿಗಿದ. “ಯೇ ಕ್ಯಾ ಹೈ? ಬಮ್ ಹೈ ಕ್ಯಾ?”

ನಾನು ಸೆರಗಿನೊಳಗೆ ತಾಳಿ ಹಿಡಿದು ಕುಳಿತಿದ್ದೆ. “ಮಕ್ಕಳ ಆಟದ ಸಾಮಾನು ಸಾಹೇಬ್ರೇ” ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬಮ್ ಅಂದದ್ದು ನಮ್ಮ ಮನೆಯವರಿಗೆ ಅವಮಾನವಾಯಿತು!

“ಬಮ್? ಬಮ್ ಏಕ್ ಬಾರ್ ಫಟತಾ, ಖತಮ್! ಯೇ ರೋಜ್ ಚಲತಾ ಸಾಬ್!” ಬಮ್ಮು ಒಮ್ಮೆ ಸಿಡಿದರೆ ಮುಗಿಯಿತು, ಇದು ದಿನಾ ನಡೆಯುತ್ತದೆ ಎಂದು ಹಡಗನ್ನು ಎತ್ತಿಕೊಂಡು ಕೆಳಗಿಳಿದು ರಸ್ತೆಯ ನಡುವೆ ಕುಳಿತರು. ನೀರು ಎಲ್ಲಿ ಹಾಕುವುದು, ಆವಿ ಎಲ್ಲಿ ಏಳುವುದು, ಪಿಸ್ಟನ್ ಯಾಕೆ ಹಿಂದಕ್ಕೆ ಬರುವುದು ಎಂದು ಒಂದೊಂದಾಗಿ ಶುರು ಮಾಡಿದರು. ನೆತ್ತಿಯ ಮೇಲೆ ಬಿಸಿಲು. ಮೊದಲು ಒಬ್ಬ ಮರದ ನೆರಳಿಗೆ ಹೋದ. ಆಮೇಲೆ ಇನ್ನೊಬ್ಬ. ಕೊನೆಗೆ ಅವರ ಮುಖಂಡ ಎರಡೂ ಕೈ ಜೋಡಿಸಿದ: “ಜಾ ಬಾಬಾ, ಜಾ! ಲೇಕೆ ಜಾ ತೇರಾ ಜಹಾಜ್!” ಒಂದು ಗೊನೆ ಇಳಿಸಿಕೊಂಡು ನಮ್ಮನ್ನು ಬಿಟ್ಟರು. ಬಂಡಿ ಒಂದು ಹರದಾರಿ ದಾಟಿದರೂ ಇವರ ಗೊಣಗು ನಿಲ್ಲಲಿಲ್ಲ: “ಪಂಖಾದ್ದು ಹೇಳೋದು ಉಳೀತು.”

ಪೊಲೀಸ್ ಆಕ್ಷನ್ ಆಯಿತು. ಸರಕಾರ ಬದಲಾಯಿತು. ಗಿರಣಿಯ ಹಳೆಯ ಬಾಯ್ಲರಿನವನು ಊರು ಬಿಟ್ಟು ಹೋಗಿದ್ದ, ಜಾಗ ಖಾಲಿ. ಮಹಾನವಮಿಗೆ ನಾಲ್ಕು ದಿನ ಇರುವಾಗ ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕನ್ನಡ ಬಲ್ಲವರು. “ಬರೆಯೋದು ಆಮೇಲೆ. ಮೊದಲು ಬಾಯ್ಲರ್ ನಡೆಸಿ ತೋರಿಸು” ಅಂದರು. ಆದರೆ ಗಿರಣಿಯ ಬಾಯ್ಲರ್ ಗದ್ದಲದಲ್ಲಿ ಆರಿದ್ದು ಇನ್ನೂ ಹೊತ್ತಿರಲಿಲ್ಲ. ಕಟ್ಟಿಗೆಯೂ ಇಲ್ಲ, ಅರಳೆಯೂ ಇಲ್ಲ. ನಮ್ಮ ಮನೆಯವರು ಎದೆಯುಬ್ಬಿಸಿ, “ನನ್ನ ಹತ್ರ ಒಂದು ಅದ ಸಾಹೇಬ್ರೇ” ಅಂದರಂತೆ. ಸಾಹೇಬರು ನಕ್ಕರಂತೆ. ನಕ್ಕರೂ ಒಪ್ಪಿದರು. ಬನ್ನಿ ಹಬ್ಬದ ಮರುದಿನ, ಗಿರಣಿಯ ನೀರಿನ ದೊಡ್ಡ ತೊಟ್ಟಿಯಲ್ಲಿ, ಅಂದರೆ ಹೌದಿನಲ್ಲಿ, ಪರೀಕ್ಷೆ.

ಮಹಾನವಮಿಯ ಖಂಡೆ ಪೂಜೆಯ ದಿನ ಮನೆಯವರು ಚೆಂಡುಹೂ ತರಲು ಹೋಗಿದ್ದರು. ಹತಾರುಗಳನ್ನೆಲ್ಲ ಜೋಡಿಸಿ ನಾನೇ ಪೂಜೆ ಮಾಡಿದೆ. ಸುತ್ತಿಗೆಗೆ ವಿಭೂತಿ, ಇಕ್ಕಳಕ್ಕೆ ವಿಭೂತಿ. ಹಡಗಿಗೆ ಎಲ್ಲಿ ಹಚ್ಚುವುದು? ಬಾಯ್ಲರಿನ ನೆತ್ತಿಯ ಮೇಲೆ ಒಂದು ಸಣ್ಣ ಗುಬುಟು ಇತ್ತು. ದಿನಾ ಮುಂಜಾನೆ ಅವರು ಅದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಬಿಡುವರು, ಎತ್ತಿ ಬಿಡುವರು. ಅಷ್ಟು ಭಕ್ತಿ ಇದೆ ಅಂದಮೇಲೆ ಇಡೀ ಹಡಗಿನ ದೇವರು ಇದೇ ಇರಬೇಕು ಅಂದುಕೊಂಡೆ. ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಮೂರು ಬೆರಳಿನಿಂದ, ಸನದು ಸಿಗಲಪ್ಪಾ ತಂದೆ ಎಂದು, ಧಾರಾಳವಾಗಿ ಬಳಿದೆ. ಪೂಜೆಗಿಟ್ಟ ಹತಾರು ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಎರಡು ದಿನ ಹಾಗೇ ಒಣಗಿತು.

ಪರೀಕ್ಷೆಯ ದಿನ ಬುತ್ತಿಯ ನೆಪ ಮಾಡಿ ನಾನೂ ಹೋಗಿ ಬೇವಿನ ಮರದ ಹಿಂದೆ ನಿಂತೆ. ಹೌದಿನ ಸುತ್ತ ಗಿರಣಿಯ ಮಂದಿ. ಸಾಹೇಬರು ಕಟ್ಟೆಯ ಮೇಲೆ ಬಗ್ಗಿ ನಿಂತಿದ್ದಾರೆ. ಹಡಗು ಹೊರಟಿತು ನೋಡಿ! ನೆಟ್ಟಗೆ, ಒಂದು ಚೂರು ಡೊಂಕಾಗದೆ, ಹೊಗೆ ಬಿಡುತ್ತ. ಮಂದಿ ಹೋ ಎಂದು ಕೂಗಿದರು. ನನಗೂ ಒಂದು ಗಳಿಗೆ ಕೋಟು ಹೋದದ್ದು ಮರೆತುಹೋಯಿತು.

ನಮ್ಮ ಮನೆಯವರೊಬ್ಬರೇ ನಗಲಿಲ್ಲ. ಕಿವಿ ಒಂದು ಕಡೆಗೆ ವಾಲಿಸಿ ನಿಂತಿದ್ದರು. “ಸಪ್ಪಳ ಇಲ್ಲ” ಅಂದರು. ಅಂದವರೇ ಧೋತರದ ಸಮೇತ ಎದೆಮಟ್ಟದ ನೀರಿಗೆ ಧುಮುಕಿದರು! ಎರಡೂ ಕೈಯಿಂದ ನೀರು ಬಡಿಯುತ್ತ ನಡುವಿಗೆ ಹೋಗಿ, ಉರಿಯುವ ದೀಪವನ್ನು ಬರಿಗೈಯಲ್ಲಿ ಕಿತ್ತು ನೀರಿಗೆ ಎಸೆದರು. ಕೈ ಬಾಯ್ಲರಿಗೆ ತಾಗಿ ಚರ್ಮ ಸುಟ್ಟ ವಾಸನೆ ಮರದ ತನಕ ಬಂತು.

ಆಮೇಲೆ ತಿಳಿಯಿತು. ಆ ಗುಬುಟು ದೇವರಲ್ಲ. ಆವಿ ಹೆಚ್ಚಾದರೆ ತಾನೇ ಎದ್ದು ಹೊರಗೆ ಬಿಡುವ ಮುಚ್ಚಳ. ಅದು ಎದ್ದು ಸುಸ್ಸೆನ್ನಬೇಕಿತ್ತು, ಅನ್ನಲಿಲ್ಲ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನನ್ನ ತಂಬಿಗೆ ಒಡೆದು ಸಾಹೇಬರ ಮುಖಕ್ಕೇ ಹಾರುತ್ತಿತ್ತು!

ಸಾಹೇಬರು ಉಗುರಿನಿಂದ ಕೆರೆದು ನೋಡಿದರು. “ಏನಿದು ಬಿಳಿ?”

“ವಿಭೂತಿರೀ.”

“ಯಾರು ಹಚ್ಚಿದ್ದು?”

ನಾನು ಮರಕ್ಕೆ ಇನ್ನಷ್ಟು ಅಂಟಿಕೊಂಡೆ. ಮನೆಯವರು ಮರದ ಕಡೆ ನೋಡಲೂ ಇಲ್ಲ. “ನಾನೇರೀ” ಅಂದರು.

“ಬೆಂಕಿ ಹಚ್ಚೋ ಮುಂಚೆ ವಾಲ್ವ್ ನೋಡಬೇಕು ಅಂತ ಗೊತ್ತಿಲ್ಲವೇ?”

“ಗೊತ್ತದರೀ. ಇವತ್ತ ನೋಡೋದು ಮರ್ತೆ.”

ಸಾಹೇಬರು ಇವರ ಸುಟ್ಟ ಕೈ ಹಿಡಿದು ತಿರುಗಿಸಿ ನೋಡಿದರು. ನನಗೆ ನೆಗೆಣ್ಣಿಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಕೊನೆಗೆ ಸಾಹೇಬರು, “ಮರೆಯುವವರನ್ನು ದಿನಾ ನೋಡುತ್ತೇನೆ. ಮರೆತದ್ದು ಕಿವಿಗೆ ತಿಳಿದವನನ್ನು ಇವತ್ತೇ ನೋಡಿದೆ” ಅಂದರು. ಬರೆಯುವ ಪರೀಕ್ಷೆ? ಬರೆಯುವ ಕೈಯೇ ಸುಟ್ಟಿತ್ತಲ್ಲ! ಬಾಯಿಂದಲೇ ಕೇಳಿದರು, ಇವರು ಹೇಳಿದರು. ನಿಲ್ಲಿಸಿರೆಂದು ಸಾಹೇಬರೇ ಬೇಡಿಕೊಳ್ಳುವ ತನಕ ಹೇಳಿದರು. ಸನದು ಬಂತು.

ಮನೆಗೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತ ಕೇಳಿದೆ: “ದಿನಾ ನೋಡೋರು ಇವತ್ತೊಂದಿನ ಹ್ಯಾಂಗ ಮರ್ತ್ರಿ?”

“ಮರ್ತಿಲ್ಲ. ಮುಂಜಾನಿ ನೋಡೀನಿ.”

“ಮತ್ತ ಒರಸಬಾರದೇನ್ರೀ?”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. “ನಿನ್ನ ಮೂರು ಬೆರಳು ಛಂದ ಮೂಡಿದ್ವು” ಅಂದರು.

ಎಂಥ ಮಳ್ಳ ಮನುಷ್ಯ! ನಾನು ಬೈದೆ. ಬೈಯುತ್ತಲೇ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಬಾಯಿಗಿಟ್ಟೆ. ಬಲಗೈ ಸುಟ್ಟವರು ಉಣ್ಣುವುದು ಹೇಗೆ? ಆಗಿನ ಕಾಲದಲ್ಲಿ ಹೆಂಡತಿ ಗಂಡನಿಗೆ ಹಾಗೆ ಉಣಿಸಿದ್ದನ್ನು ಯಾರಾದರೂ ಕಂಡಿದ್ದರೆ ಓಣಿಯೆಲ್ಲ ಡಂಗುರ. ಬಾಗಿಲು ಹಾಕಿಕೊಂಡು ಎರಡು ಹೊತ್ತೂ ಉಣಿಸಿದೆ.

ಹದಿನೈದನೆಯ ದಿನ ಸನದು ನೋಡಲೆಂದು ಭಾವ ಬಂದವರು ಕೂಗದೆ ಬಾಗಿಲು ತಳ್ಳಿದರು. ನನ್ನ ಕೈ ತುತ್ತಿನ ಸಮೇತ ನಡುವೆಯೇ ನಿಂತಿತು. ಭಾವ ಅಂಗಳದ ಕಡೆ ತಿರುಗಿ ಕೆಮ್ಮಿದರು. “ಇನ್ನೂ ಮಾಯ್ದಿಲ್ಲೇನೋ ಕೈ?”

“ಇಲ್ಲ ಅಣ್ಣಾ. ಭಾಳ ನೋಯ್ತದ.”

ಅವತ್ತು ಬೆಳಿಗ್ಗೆ ಅದೇ ಕೈಯಿಂದ ಅವರು ಹಡಗಿನ ತಿರುಪು ಬಿಗಿಯುತ್ತಿದ್ದುದನ್ನು ನಾನು ನೋಡಿದ್ದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿದೊಡನೆ ಅವಸರದಲ್ಲಿ ಬಟ್ಟೆ ಸುತ್ತಿಕೊಂಡಿದ್ದರು. ಗಾಯ ಮಾಯ್ದು ಆಗಲೇ ಒಂದು ವಾರವಾಗಿತ್ತು.

ನಾನು ಸೆರಗು ಸರಿ ಮಾಡಿಕೊಂಡು ಇನ್ನೊಂದು ತುತ್ತು ಮಾಡಿದೆ.