ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗಿನ ಕಟಕಟ

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕೇಂದ್ರಾಪಗಾಮಿ ಬಲದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಹಾಗಾಗಿ ಕಾಪುವಿನ ನಮ್ಮ ಮನೆಯ ವಾಷಿಂಗ್ ಮೆಷಿನ್ ಒಂದು ಸೋಮವಾರ ನೀರು ಹೊರಗೆ ಬಿಡುವ ಹೊತ್ತಿಗೆ 'ಕಟ ಕಟ ಕಟ' ಎಂದು ಹಲ್ಲು ಕಡಿಯತೊಡಗಿದಾಗ ನಾನು ಒಂದಿಷ್ಟೂ ಹೆದರಲಿಲ್ಲ. ಹೆದರಿಕೆ ಬಂದದ್ದು ಬುಧವಾರ. ಬಂದದ್ದು ಇನ್ನೂ ಹೋಗಿಲ್ಲ.

"ಕೇಳಿತಾ? ಇದರ ಕಾಲ ಮುಗಿಯಿತು," ಎಂದಳು ಲಿಲ್ಲಿ. ಲಿಲ್ಲಿ ನನ್ನ ಹೆಂಡತಿ. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಯಾರ ಕಾಲ ಮುಗಿಯಿತು, ಯಾರದ್ದು ಇಲ್ಲ ಎಂದು ಮುಖ ನೋಡಿಯೇ ಹೇಳುವ ಅಭ್ಯಾಸ ಅವಳಿಗುಂಟು. "ಹನ್ನೆರಡು ವರ್ಷ ಆಯಿತು ತೆಗೆದು. ಹೊಸತು ತೆಗೆಯುವ."

"ಹನ್ನೆರಡು ವರ್ಷದಲ್ಲಿ ಒಬ್ಬ ಮೆಕ್ಯಾನಿಕ್ ಈ ಮನೆಯ ಹೊಸ್ತಿಲು ದಾಟಿದ್ದಾನಾ?" ಎಂದು ನಾನು ಎದ್ದು ನಿಂತೆ. "ಯಂತ್ರ ಯಾಕೆ ಶಬ್ದ ಮಾಡುತ್ತದೆ ಎನ್ನುವುದನ್ನು ಮೊದಲು ವೈಜ್ಞಾನಿಕವಾಗಿ ಪರಿಶೀಲಿಸಬೇಕು. ಪುರಾವೆ ಇಲ್ಲದೆ ಯಾರಿಗೂ ಶಿಕ್ಷೆ ಆಗಬಾರದು!"

ಈ ಮಾತನ್ನು ನಾನು ಆಡಬಾರದಿತ್ತು.

ಪರಿಶೀಲನೆಯ ಮೊದಲ ಹೆಜ್ಜೆಯಾಗಿ, ಲಿಲ್ಲಿ ಸ್ವಿಚ್ ಆರಿಸುವ ಮೊದಲೇ, ಮೆಷಿನ್ನಿನ ಕಟಕಟವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬುಧವಾರ ಬೆಳಗ್ಗೆ ಇಬ್ಬರೂ ಮಣಿಪಾಲಕ್ಕೆ, ಹಮೀದರ ಲಾಂಡ್ರಿಗೆ ಹೋದೆವು. ಹಾಸ್ಟೆಲ್ ಮಕ್ಕಳ ಬಟ್ಟೆ ಒಗೆದೇ ಹಮೀದರ ತಲೆ ನೆರೆತದ್ದು. ಅವರಲ್ಲಿ ಒಂಬತ್ತು ಮೆಷಿನ್ ಒಟ್ಟಿಗೆ ತಿರುಗುತ್ತವೆ. ಅವರಿಗಿಂತ ದೊಡ್ಡ ಪಂಡಿತರು ಈ ಸೀಮೆಯಲ್ಲಿ ಇಲ್ಲ.

"ಹೊಸತು ತೆಗೆಯುವುದಾದ್ರೆ ಬಟನ್ ಕಡಿಮೆ ಇದ್ದದ್ದು ತೆಗೀರಿ ಸರ್," ಎಂದರು ಹಮೀದ್. "ಇಪ್ಪತ್ತು ನಮೂನೆ ವಾಶ್ ಉಂಟು ಅಂತ ಹೇಳ್ತಾರೆ. ನೀವು ಒತ್ತುವುದು ಒಂದನ್ನೇ ಅಲ್ವಾ? ಕರೆದ ಮರುದಿನ ರಿಪೇರಿಗೆ ಜನ ಬರ್ತಾರಾ, ಅದನ್ನು ಕೇಳಿ. ಬಣ್ಣ ನೋಡಿ ಎಂತ ಮಾಡುವುದು?"

"ಹಳೆಯದನ್ನು ಯಾವಾಗ ಬಿಡುವುದು?" ಎಂದು ಲಿಲ್ಲಿ ಕೇಳಿದಳು.

"ರಿಪೇರಿಗೆ ಹೊಸತರ ಅರ್ಧ ಬೆಲೆ ಕೇಳಿದ್ರೆ ಬಿಡಿ. ಡ್ರಮ್ಮೇ ಅಲ್ಲಾಡಿದ್ರೆ ಬಿಡಿ. ಬರೀ ಶಬ್ದ ಮಾಡ್ತದೆ ಅಂತ ಬಿಡಬೇಡಿ ಬಾಯಮ್ಮ. ಶಬ್ದ ಮಾಡುವುದೆಲ್ಲ ಹಾಳಾಗಿರುವುದಿಲ್ಲ."

"ಅದು ಹೌದು," ಎಂದು ಲಿಲ್ಲಿ ನನ್ನ ಕಡೆ ನೋಡಿದಳು.

ನಾನು ಗೆಲುವಿನ ನಗೆ ನಗುತ್ತಾ ಮೊಬೈಲ್ ಮುಂದೆ ಹಿಡಿದೆ. ಹಮೀದ್ ಕಣ್ಣು ಮುಚ್ಚಿ, ತಲೆ ವಾಲಿಸಿ, ಕಟಕಟವನ್ನು ಎರಡು ಸಲ ಕೇಳಿದರು.

"ಮೆಷಿನ್ನಿಗೆ ಎಂತದೂ ಆಗ್ಲಿಲ್ಲ ಸರ್. ಒಳಗೆ ಏನೋ ಬಿದ್ದಿದೆ. ನಾಣ್ಯ ಅಲ್ಲ. ಇದು ಉಂಗುರದ ಹಾಗೆ ಕೇಳ್ತದೆ. ನನಗೆ ತಿಂಗಳಿಗೆ ಒಂದಾದರೂ ಸಿಗ್ತದೆ. ವರ್ಷಗಟ್ಟಲೆ ಕೆಸರಿನಲ್ಲಿ ಹೂತು ಸುಮ್ಮನಿದ್ದು, ಒಂದು ದಿನ ಸಡಿಲಾಗಿ ಶಬ್ದ ಮಾಡುವುದೂ ಉಂಟು. ಕೆಳಗೆ ಸಣ್ಣ ಬಾಗಿಲು ಉಂಟಲ್ಲ, ಅಲ್ಲಿ ಒಂದು ಫಿಲ್ಟರ್ ಇರ್ತದೆ. ಅದನ್ನು ತಿರುಗಿಸಿ ತೆಗೆದ್ರೆ ಬಿದ್ದದ್ದು ಸಿಗ್ತದೆ. ಆದರೆ ಮೊದಲು..."

ಮೊದಲು ಏನು ಮಾಡಬೇಕೆಂದು ಹಮೀದ್ ಹೇಳಿದ್ದು ನನಗೆ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆರಳು ಮುಟ್ಟಿ ನೋಡಿಕೊಂಡೆ.

ಇಲ್ಲಿ ಓದುಗರ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕು. ಇದನ್ನು ನಾನು ಇಗರ್ಜಿಯಲ್ಲಿ ಪಾದ್ರಿಯವರ ಮುಂದೆಯೂ ಮಾಡಿದವನಲ್ಲ.

ಮದುವೆಯ ದಿನ ದೇವರ ಮುಂದೆ, ಆಶೀರ್ವಾದ ಮಾಡಿಸಿ, ಲಿಲ್ಲಿ ನನ್ನ ಬೆರಳಿಗೆ ತೊಡಿಸಿದ ಉಂಗುರ ಹನ್ನೊಂದು ವರ್ಷದ ಹಿಂದೆ ಕಾಣೆಯಾಯಿತು. ಒಳಬದಿಯಲ್ಲಿ 'ಲಿಲ್ಲಿ' ಎಂದು ಕೆತ್ತಿದ್ದ ಉಂಗುರ. ಆ ದಿನ ನಾನು ದೊಡ್ಡ ಮನಸ್ಸು ಮಾಡಿ ಬಂಗುಡೆ ಮೀನು ಶುಚಿ ಮಾಡಲು ಕುಳಿತಿದ್ದೆ. ಉಂಗುರ ತೆಗೆದು ಎಲ್ಲೋ ಇಟ್ಟೆ. ಎದ್ದು ನೋಡಿದರೆ ಇಲ್ಲ! ಮೀನಿನ ಕರುಳನ್ನು ತಿಂದಿದ್ದ ಪಕ್ಕದ ಮನೆಯ ಬೆಕ್ಕಿನ ಮೇಲೆ ನನಗೆ ಪೂರ್ಣ ಸಂಶಯ. ಮೂರು ದಿನ ಅದರ ಹಿಂದೆ ನಡೆದೆ. ಯಾಕೆ ನಡೆದೆ, ಏನನ್ನು ಹುಡುಕಿದೆ ಎಂದು ವಿವರಿಸುವುದು ಬೇಡ.

ಆಮೇಲೆ ಯಾರಿಗೂ ಹೇಳದೆ ಕಾರ್ಕಳಕ್ಕೆ ಹೋಗಿ, ಒಬ್ಬ ಅಕ್ಕಸಾಲಿಗ ಆಚಾರಿಯವರಲ್ಲಿ ಅಂಥದ್ದೇ ಉಂಗುರ ಮಾಡಿಸಿಕೊಂಡೆ. ಅದೇ ಚಿನ್ನ, ಅದೇ ಹೆಸರು. ಸ್ವಲ್ಪ ಸಡಿಲ. ಸರಿ ಮಾಡಿಸಲು ಮತ್ತೊಮ್ಮೆ ಹೋಗುವ ಧೈರ್ಯವಿರಲಿಲ್ಲ. ಈ ಹೊಸ ಉಂಗುರದ ದೊಡ್ಡ ಕೊರತೆ ಎಂದರೆ, ಆಶೀರ್ವಾದ ಆಗಿಲ್ಲ! ಪಾದ್ರಿಯವರ ಬಳಿ ಹೋದರೆ ಮೊದಲಿನದ್ದು ಎಲ್ಲಿ ಎಂದು ಕೇಳುತ್ತಾರೆ. ಹಾಗಾಗಿ ಪ್ರತಿ ಭಾನುವಾರ ಇಗರ್ಜಿಯ ಬಾಗಿಲಲ್ಲಿ ಇಟ್ಟ ತೀರ್ಥದ ಬಟ್ಟಲಲ್ಲಿ ಎಲ್ಲರೂ ಬೆರಳ ತುದಿ ಅದ್ದಿದರೆ, ನಾನು ಉಂಗುರ ಮುಳುಗುವಷ್ಟು ಅದ್ದುತ್ತಿದ್ದೆ. ಹಿಂದೆ ಸಾಲು ನಿಲ್ಲುತ್ತಿತ್ತು. ಇವರ ಭಕ್ತಿ ಎಷ್ಟು ಎಂದು ಜನ ಹೊಗಳುತ್ತಿದ್ದರು.

ಈಗ ಹಮೀದರ ಲಾಂಡ್ರಿಯಲ್ಲಿ ನಿಂತಾಗ ನೆನಪಾಯಿತು. ಎಲ್ಲೋ ಇಟ್ಟೆ ಎಂದೆನಲ್ಲ, ಅದು ಅಂಗಿಯ ಕಿಸೆ. ಅಂಗಿ ಹೋದದ್ದು ಮೆಷಿನ್ನಿಗೆ. ಆ ಬೆಕ್ಕು ಸತ್ತು ಆರು ವರ್ಷ ಆಯಿತು. ಸಾಯುವವರೆಗೂ ನಾನು ಅದನ್ನು ಕಳ್ಳನ ಹಾಗೆ ನೋಡಿದ್ದೆ.

"ಲಿಲ್ಲಿ," ಎಂದೆ, ಲಾಂಡ್ರಿಯ ಮೆಟ್ಟಿಲು ಇಳಿಯುತ್ತಲೇ. "ಹೊಸ ಮೆಷಿನ್ ತೆಗೆಯುವ. ಇವತ್ತೇ. ಈಗಲೇ."

"ಎಂತ? ಪುರಾವೆ ಇಲ್ಲದೆ ಶಿಕ್ಷೆ ಇಲ್ಲ ಅಂದವರು ನೀವಲ್ವಾ?"

"ಅದು ಸೋಮವಾರದ ಮಾತು!"

ಉಡುಪಿಯ ಅಂಗಡಿಗೆ ಅವಳನ್ನು ಎಳೆದುಕೊಂಡೇ ಹೋದೆ. ಸೇಲ್ಸ್‌ಮ್ಯಾನ್ ಬಾಯಿ ತೆರೆಯುವ ಮೊದಲೇ "ಇದು ಆಗಬಹುದು" ಎಂದು ಒಂದಕ್ಕೆ ಕೈ ತೋರಿಸಿದೆ. ಅದು ಫ್ರಿಜ್ಜು. ಅವನು ನಗು ತಡೆದುಕೊಂಡು ನಮ್ಮನ್ನು ಮೆಷಿನ್ನುಗಳ ಸಾಲಿಗೆ ಕರೆದೊಯ್ದ.

"ಹಳೆಯದನ್ನು ನಾವೇ ಬಂದು ಒಯ್ಯುತ್ತೇವೆ ಸರ್, ಎಕ್ಸ್‌ಚೇಂಜ್ ಉಂಟು," ಎಂದ.

ನನಗೆ ಜೀವ ಬಂತು. ಮರುಕ್ಷಣವೇ ಹೋಯಿತು. ಹಳೆಯ ಮೆಷಿನ್ ಹೋದರೆ ಗುಟ್ಟು ಉಳಿಯುತ್ತದೆ, ಸರಿ. ಆದರೆ ಅದರೊಟ್ಟಿಗೆ ಆಶೀರ್ವಾದ ಆದ ನಿಜವಾದ ಉಂಗುರವೂ ಗುಜರಿಗೆ! ಮೆಷಿನ್ ಬಿಚ್ಚಿದರೆ ಲಿಲ್ಲಿಯ ಹೆದರಿಕೆ, ಬಿಚ್ಚದಿದ್ದರೆ ದೇವರ ಹೆದರಿಕೆ. ಅತ್ತ ದರಿ, ಇತ್ತ ಪುಲಿ ಎಂದು ಮಕ್ಕಳಿಗೆ ಗಾದೆ ಹೇಳಿಕೊಟ್ಟವನು ನಾನು. ಅರ್ಥ ಆದದ್ದು ಆ ದಿನ.

"ಎಕ್ಸ್‌ಚೇಂಜ್ ಬೇಡ!" ಎಂದು ಕಿರುಚಿದೆ.

"ಹಳೆಯದನ್ನು ಇಟ್ಟುಕೊಂಡು ಎಂತ ಮಾಡುವುದು? ಆರತಿ ಎತ್ತುವುದಾ?" ಎಂದಳು ಲಿಲ್ಲಿ. ಆಮೇಲೆ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಸರಿ, ಹಮೀದ್ ಹೇಳಿದ್ದೇ ಸರಿ. ಮೊದಲು ಬಿಚ್ಚಿ ನೋಡುವ. ಸದಾನಂದನಿಗೆ ಫೋನ್ ಮಾಡ್ತೇನೆ. ಒಳಗೆ ಯಾರ ಉಂಗುರ ಉಂಟು ಅಂತ ನನಗೂ ನೋಡಬೇಕು."

ಎರ್ಮಾಳಿನ ಸದಾನಂದ ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಎರಡು ಸಲ ಫೇಲ್ ಮಾಡಿ, "ನಿನಗೆ ಜನ್ಮದಲ್ಲಿ ಯಂತ್ರ ಅರ್ಥ ಆಗುವುದಿಲ್ಲ ಮಾರಾಯ" ಎಂದು ನಾನೇ ಭವಿಷ್ಯ ನುಡಿದಿದ್ದೆ. ಈಗ ಅವನು ಈ ಭಾಗದ ಹೆಸರಾಂತ ವಾಷಿಂಗ್ ಮೆಷಿನ್ ಮೆಕ್ಯಾನಿಕ್. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದ.

ನನ್ನ ಹತ್ತಿರ ಇದ್ದದ್ದು ಗುರುವಾರ ಮಾತ್ರ. ಗುರುವಾರ ಸಂಜೆ ಐದಕ್ಕೆ ಲಿಲ್ಲಿ ಇಗರ್ಜಿಗೆ ಹಾಡಿನ ಅಭ್ಯಾಸಕ್ಕೆ ಹೋಗುತ್ತಾಳೆ. ಅವಳ ಸ್ಕೂಟರ್ ತಿರುವು ದಾಟಿದ್ದೇ ತಡ, ನಾನು ಟಾರ್ಚ್ ಹಿಡಿದು ಮೆಷಿನ್ನಿನ ಮುಂದೆ ಬೋರಲಾಗಿ ಮಲಗಿದೆ. ಗಾಜಿನ ಬಾಗಿಲಲ್ಲಿ ಇಣುಕಿದೆ, ಒಳಗೆ ನೀರು ಕಾಣಲಿಲ್ಲ. ಕಾಣಲಿಲ್ಲವಾದ್ದರಿಂದ ಇಲ್ಲ ಎಂದು ತೀರ್ಮಾನಿಸಿದೆ. ವಿಜ್ಞಾನದ ಮೇಷ್ಟ್ರು!

ಕೆಳಗಿನ ಸಣ್ಣ ಬಾಗಿಲು ತೆರೆದು ಫಿಲ್ಟರನ್ನು ತಿರುಗಿಸಿದೆ. ಬರಲಿಲ್ಲ. ಇನ್ನೂ ತಿರುಗಿಸಿದೆ.

ಬಂತು! ಫಿಲ್ಟರ್ ಬಂತು, ಅದರ ಹಿಂದೆ ಸೋಮವಾರದ ನೀರೂ ಬಂತು. ಶಬ್ದ ಕೇಳಿ ಲಿಲ್ಲಿ ಅಂದು ಅರ್ಧದಲ್ಲೇ ಮೆಷಿನ್ ನಿಲ್ಲಿಸಿದ್ದಳು. ನೀರೆಲ್ಲ ಡ್ರಮ್ಮಿನ ತಳದಲ್ಲೇ ಉಳಿದಿತ್ತು. 'ಆದರೆ ಮೊದಲು' ಎಂದು ಹಮೀದ್ ಹೇಳಹೊರಟದ್ದು ಇದನ್ನೇ ಇರಬೇಕು. ಮೂರು ದಿನ ಕೊಳೆತ ಸೋಪಿನ ನೀರು ನನ್ನ ಮುಖಕ್ಕೆ ಹೊಡೆದು, ಅಂಗಿಯೊಳಗೆ ಇಳಿದು, ಚಾವಡಿಯ ಕಡೆ ಹರಿಯಿತು. ಫಿಲ್ಟರ್ ಮತ್ತೆ ಹಾಕಲು ಹೋದರೆ ಅದರ ತಿರುಪು ಕೂರುವುದಿಲ್ಲ. ಬೇರೆ ದಾರಿ ಕಾಣದೆ ಎಡಗೈಯನ್ನೇ ಆ ತೂತಿಗೆ ತುರುಕಿದೆ.

ಆಗ ಬೆರಳ ತುದಿಗೆ ತಾಗಿತು. ದುಂಡಗೆ, ತಣ್ಣಗೆ, ಗಟ್ಟಿಯಾಗಿ. ಹನ್ನೊಂದು ವರ್ಷದ ನಂತರ! "ಜೇಸು!" ಎಂದೆ. ಇನ್ನೊಂದು ಇಂಚು ಕೈ ಒಳಗೆ ನೂಕಿದೆ. ಅದು ಜಾರಿ ಇನ್ನೂ ಒಳಗೆ ಹೋಯಿತು. ಕೈ ಹೊರಗೆ ಎಳೆದೆ. ಕೈ ಬಂತು. ಬೆರಳೂ ಬಂತು. ಉಂಗುರ ಬರಲಿಲ್ಲ.

ಸೋಪಿನ ಲೋಳೆಗೆ ಕಾರ್ಕಳದ ಸಡಿಲ ಉಂಗುರವೂ ಜಾರಿ ಒಳಗೆ ಬಿದ್ದಿತ್ತು! ಒಂದನ್ನು ತೆಗೆಯಲು ಹೋಗಿ ಎರಡಾಯಿತು. ನಾನು ಆ ನೀರಿನಲ್ಲೇ ಕುಳಿತು ಬೋಳು ಬೆರಳನ್ನು ನೋಡಿದೆ. ನಿಜ ಹೇಳುತ್ತೇನೆ, ಅಳು ಬಂತು.

ಹೊರಗೆ ಸ್ಕೂಟರಿನ ಸದ್ದಾಯಿತು. ಇದ್ದ ಒಂದೇ ಉಪಾಯವೆಂದರೆ ಬ್ಯಾಂಡೇಜ್. ಲಿಲ್ಲಿಯ ಔಷಧದ ಡಬ್ಬಿಯಿಂದ ಸಿಕ್ಕಿದ ಬಟ್ಟೆಯನ್ನೆಲ್ಲ ಬೆರಳಿಗೆ ಸುತ್ತಿದೆ. ಹೆದರಿಕೆಯಲ್ಲಿ ಸುತ್ತಿದ್ದೇ ಸುತ್ತಿದ್ದು, ಬೆರಳು ಹೋಗಿ ಸಣ್ಣ ತಲೆದಿಂಬು ಆಯಿತು.

ಲಿಲ್ಲಿ ಸೀರೆ ಎತ್ತಿ ಹಿಡಿದು ಚಾವಡಿ ದಾಟಿ ಬಂದಳು. ನೀರು ನೋಡಿದಳು, ಫಿಲ್ಟರ್ ನೋಡಿದಳು, ತಲೆದಿಂಬು ನೋಡಿದಳು.

"ಎಂತ ಆಯಿತು ಬೆರಳಿಗೆ?"

"ತಾಗಿತು. ಸ್ವಲ್ಪ ಆಳ."

"ತೋರಿಸಿ."

"ಬೇಡ ಲಿಲ್ಲಿ. ರಕ್ತ ನೋಡಿದರೆ ನಿನಗೆ ತಲೆ ತಿರುಗಬಹುದು."

ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತವಳಿಗೆ ನಾನು ಹೇಳಿದ ಮಾತು ಇದು! ಅವಳು ನನ್ನ ಮುಖವನ್ನೇ ನೋಡಿದಳು. ನೆಲ ಒರೆಸುವ ಬಟ್ಟೆ ತಂದು ನನ್ನ ಬಲಗೈಗೆ ಕೊಟ್ಟಳು.

ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಸದಾನಂದ ಬಂದ. ಮಳೆ ಬಂದೋ, ಬೈಕ್ ಕೆಟ್ಟೋ ಅವನು ತಡವಾಗಲಿ ಎಂದು ನಾನು ಬೆಳಗ್ಗಿನಿಂದ ಜಪ ಮಾಡುತ್ತಿದ್ದೆ. ಶಾಲೆಗೆ ಒಂದು ದಿನವೂ ಸಮಯಕ್ಕೆ ಬಾರದವನು!

"ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಈ ಫಿಲ್ಟರ್ ತೆರೆಯಲಿಲ್ವಾ ಸರ್?" ಎಂದು ಕೇಳಿದ. ನಾನು ಹಿಂದಿನ ಬೆಂಚಿನ ಹುಡುಗನ ಹಾಗೆ ತಲೆ ತಗ್ಗಿಸಿದೆ. ಅವನು ಮೆಷಿನ್ನನ್ನು ಹಿಂದಕ್ಕೆ ವಾಲಿಸಿ, ಪಂಪು ಬಿಚ್ಚಿ, ಒಳಗಿನ ಕೆಸರನ್ನು ಬಟ್ಟಲಿಗೆ ತೋಡಿ ಹಾಕತೊಡಗಿದ. ಎರಡು ನಾಣ್ಯ, ಒಂದು ಗುಂಡಿ, ಲಿಲ್ಲಿಯ ಹೇರ್‌ಪಿನ್. ಆಮೇಲೆ ಅವನ ಕೈ ನಿಂತಿತು.

"ಅಮ್ಮ, ಉಂಗುರ! ಚಿನ್ನದ್ದು!" ಎಂದ. ಕೈ ಮತ್ತೆ ಒಳಗೆ ಹೋಯಿತು. "ಅಯ್ಯೋ, ಎರಡು ಉಂಟು!"

ಅವನು ಎರಡನ್ನೂ ತೊಳೆದು, ಬೆಳಕಿಗೆ ಹಿಡಿದು, ಒಳಬದಿಯನ್ನು ಓದಿದ. ಅವನ ಮುಖದ ಬಣ್ಣವೇ ಬದಲಾಯಿತು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಸರ್, ಎರಡರಲ್ಲೂ ಲಿಲ್ಲಿ ಅಂತ ಉಂಟು. ನಿಮಗೆ ಇಬ್ಬರು ಲಿಲ್ಲಿಯವರಾ?"

ನಾನು ಬ್ಯಾಂಡೇಜ್ ಸಮೇತ ಗೋಡೆಗೆ ಒರಗಿದೆ. ಲಿಲ್ಲಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಬಂಗುಡೆ, ಬೆಕ್ಕು, ಕಾರ್ಕಳ, ತೀರ್ಥದ ಬಟ್ಟಲು, ಒಂದೂ ಬಿಡಲಿಲ್ಲ. ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡೆ. ಸಿಡಿಲು ಬಡಿಯಲಿಲ್ಲ. ಕಣ್ಣು ತೆರೆದರೆ ಲಿಲ್ಲಿ ಸದಾನಂದನಿಗೆ ಚಹಾ ಕೊಡುತ್ತಿದ್ದಳು.

"ನನಗೆ ಗೊತ್ತುಂಟು," ಎಂದಳು. "ಕಾರ್ಕಳದ ಆಚಾರಿಗೆ ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆದದ್ದು, ನನ್ನ ಗುರುತು ಉಂಟು. ಆ ವಾರವೇ ಬಸ್ಸಿನಲ್ಲಿ ಸಿಕ್ಕಿದ್ರು. ಬಾಯಮ್ಮ, ನಿಮ್ಮ ಯಜಮಾನರ ಹೊಸ ಉಂಗುರ ಸ್ವಲ್ಪ ಸಡಿಲ ಆಯಿತು, ಕಳುಹಿಸಿ, ಸರಿ ಮಾಡಿಕೊಡುವ ಅಂದ್ರು."

"ಹನ್ನೊಂದು ವರ್ಷದಿಂದ ಗೊತ್ತುಂಟಾ? ಮತ್ತೆ ಯಾಕೆ ಕೇಳಲಿಲ್ಲ?"

"ಕೇಳುವ ಅಂತಲೇ ಬಸ್ಸಿಳಿದು ಬಂದೆ. ಬಂದು ನೋಡಿದರೆ ನೀವು ಪಾತ್ರೆ ತೊಳೆಯುತ್ತಾ ಇದ್ದಿರಿ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ! ಇರಲಿ, ನಾಳೆ ಕೇಳುವ ಅಂತ ಬಿಟ್ಟೆ. ಮರುದಿನ ನೀವಾಗಿಯೇ ಮಾರ್ಕೆಟಿಗೆ ಹೋದಿರಿ. ಅದರ ಮರುದಿನ ನನ್ನ ಅಮ್ಮನಿಗೆ ಫೋನ್ ಮಾಡಿ ಆರೋಗ್ಯ ಕೇಳಿದಿರಿ. ಎಷ್ಟು ಚೆಂದ ನಡೆಯುತ್ತಾ ಉಂಟು, ಸುಮ್ಮನೆ ಬಿಚ್ಚಿ ಹಾಳು ಮಾಡುವುದು ಯಾಕೆ ಅಂತ ಕಂಡಿತು."

ಸದಾನಂದ ಚಹಾ ಕುಡಿಯುತ್ತಾ ನಗು ನುಂಗಿಕೊಂಡ. ಮೆಷಿನ್ ಜೋಡಿಸಿ ಓಡಿಸಿ ತೋರಿಸಿದ. ಕಟಕಟ ಇಲ್ಲ. "ಹೊಸತು ಬೇಡ ಅಮ್ಮ, ಇನ್ನು ನಾಲ್ಕು ವರ್ಷಕ್ಕೆ ತೊಂದರೆ ಇಲ್ಲ. ಮೂರು ತಿಂಗಳಿಗೊಮ್ಮೆ ಫಿಲ್ಟರ್ ತೆರೆದು ತೊಳೆಯಬೇಕು. ಮೊದಲು ನೀರು ಖಾಲಿ ಮಾಡಬೇಕು ಸರ್," ಎಂದು ನನಗೆ ಪಾಠ ಹೇಳಿ ಹೋದ.

ಲಿಲ್ಲಿ ನಿಜವಾದ ಉಂಗುರವನ್ನು ಸೆರಗಿನಲ್ಲಿ ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕಾರ್ಕಳದ್ದನ್ನು ನನ್ನ ಬೆರಳಿಗೆ ತೊಡಿಸಿದಳು. "ನಿಮಗೆ ಇದೇ ಆಗಬಹುದು. ಇದನ್ನು ಹಾಕಿದ ಮೇಲೆಯೇ ನೀವು ಸರಿಯಾದದ್ದು."

ನನ್ನ ಎದೆಯಿಂದ ಹನ್ನೊಂದು ವರ್ಷದ ಭಾರ ಇಳಿದಿತ್ತು. ಇನ್ನು ಯಾರ ಹೆದರಿಕೆ? ಎದೆ ಸೆಟೆಸಿ, ಹಳೆಯ ಗತ್ತಿನಲ್ಲಿ ಕುರ್ಚಿಯಲ್ಲಿ ಕುಳಿತು, ಪತ್ರಿಕೆ ಬಿಡಿಸಿ ಹೇಳಿದೆ: "ಹಾಗಾದರೆ ಲಿಲ್ಲಿ, ಇನ್ನು ಮೇಲೆ ಪಾತ್ರೆ ತೊಳೆಯುವ ವಿಷಯದಲ್ಲಿ ನಾವು ಸ್ವಲ್ಪ ಪುನರ್ವಿಮರ್ಶೆ ಮಾಡಬೇಕಾಗುತ್ತದೆ."

ಲಿಲ್ಲಿ ತಿರುಗಿಯೂ ನೋಡಲಿಲ್ಲ.

"ಮಾಡುವ. ಭಾನುವಾರ ಫಾದರ್ ಊಟಕ್ಕೆ ಬರ್ತಾರೆ. ಆಶೀರ್ವಾದ ಇಲ್ಲದ ಉಂಗುರ ಹಾಕಿಕೊಂಡವರಿಗೆ ಮದುವೆ ಆಗಿದೆಯಾ ಇಲ್ಲವಾ ಅಂತ ಅವರ ಹತ್ತಿರವೇ ಕೇಳುವ."

ನಾನು ಪತ್ರಿಕೆ ಮಡಚಿಟ್ಟೆ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬೆಳಗ್ಗಿನ ಪಾತ್ರೆಗಳನ್ನು ಒಂದೊಂದಾಗಿ ತೊಳೆದಿಟ್ಟೆ. ಒಂದಿಷ್ಟೂ ಶಬ್ದ ಮಾಡದೆ.